ಪರ್ಜ್ ವಾಲ್ವ್: ಹೊಸ ಡೂಪ್ಲಿಕೇಟ್‌ಗಿಂತ ಗುಜರಿಯ ಒರಿಜಿನಲ್ಲೇ ವಾಸಿ

ನನ್ನದು 2011ರ ಪೆಟ್ರೋಲ್ ಕಾರು. ಮೂರು ತಿಂಗಳಲ್ಲಿ ಅದಕ್ಕೆ ಎರಡು ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಬಿಡುವ ವಾಲ್ವ್) ಹಾಕಿದ್ದಾಯಿತು. ಹೊಸ ಡೂಪ್ಲಿಕೇಟ್‌ಗೆ ₹650, ಗುಜರಿಯ ಹಳೇ ಒರಿಜಿನಲ್‌ಗೆ ₹400. ಈಗ ಓಡುತ್ತಿರುವುದು ಗುಜರಿಯದ್ದು.

ತಾಪತ್ರಯ ಶುರುವಾಗಿದ್ದು ಪೆಟ್ರೋಲ್ ಬಂಕ್‌ನಲ್ಲಿ. ಟ್ಯಾಂಕ್ ತುಂಬಿಸಿ ಸೆಲ್ಫ್ ಹೊಡೆದರೆ ಗಾಡಿ ಏಳುತ್ತಿರಲಿಲ್ಲ. ಆಕ್ಸಿಲರೇಟರ್ ತುಳಿದು ನಾಲ್ಕು ಸಲ ಹೊಡೆದ ಮೇಲೆ ಕೆಮ್ಮುತ್ತಾ ಏಳುತ್ತಿತ್ತು. ಹಿಂದೆ ಆಟೋದವರ ಹಾರ್ನ್ ಬೇರೆ. ಪೆಟ್ರೋಲ್ ಹಾಕಿಸದ ದಿನ ಏನೂ ತೊಂದರೆ ಇಲ್ಲ. ಮಿಸ್ತ್ರಿ ನೋಡಿ, "ಪಂಪ್ ಹೋಗ್ಯಾದ್ರಿ ಸರ್" ಅಂದ. ಹೋಗಿದ್ದು ಪಂಪ್ ಅಲ್ಲ.

ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಇದ್ದಿಲು ತುಂಬಿದ ಕ್ಯಾನಿಸ್ಟರ್ ಹಿಡಿದಿಡುತ್ತದೆ. ಇಂಜಿನ್ ಓಡುವಾಗ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಕರೆಂಟ್ ಕೊಟ್ಟಾಗ ಮಾತ್ರ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಇಂಜಿನ್‌ಗೆ ಬಿಡಬೇಕು. ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು. ನನ್ನದು ತೆರೆದೇ ಕೂತಿತ್ತು. ಟ್ಯಾಂಕ್ ತುಂಬಿದಾಗ ಆವಿ ಜಾಸ್ತಿ, ಅದೆಲ್ಲ ಸ್ಟಾರ್ಟ್ ಮಾಡುವಾಗಲೇ ಒಳಗೆ ನುಗ್ಗಿ ಇಂಜಿನ್ ಏಳದಂತೆ ಮಾಡುತ್ತಿತ್ತು. ಕಲಬುರಗಿಯ ಮೇ ಬಿಸಿಲಲ್ಲಿ ಆವಿಗೇನು ಬರ?

ಖಾತ್ರಿ ಮಾಡಿಕೊಳ್ಳೋದು ಸುಲಭ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿ, ಕ್ಯಾನಿಸ್ಟರ್ ಕಡೆಯ ಪೈಪ್ ಕಳಚಿ, ವಾಲ್ವಿನ ಬಾಯಿಗೆ ಬೆರಳಿಟ್ಟೆ. ಬೆರಳನ್ನು ಎಳೆಯುತ್ತಿತ್ತು. ಇಂಜಿನ್ ತಣ್ಣಗಿದ್ದಾಗ ಹಾಗೆ ಎಳೆಯಬಾರದು. ಕಾದ ಮೇಲೆ ಟಿಕ್ ಟಿಕ್ ಅನ್ನೋದು ಮಾಮೂಲಿ, ಅದಕ್ಕೆ ಹೆದರಬೇಡಿ.

ಮೊದಲು ಕಾರ್ಬ್ ಕ್ಲೀನರ್ ಹೊಡೆದು ತೊಳೆದೆ. ಎರಡು ವಾರ ಬಂತು, ಅಷ್ಟೇ.

ಆಮೇಲೆ ಡೂಪ್ಲಿಕೇಟ್ ತಂದೆ. ಹತ್ತು ನಿಮಿಷದ ಕೆಲಸ. ಊರೊಳಗೆ ಓಡಿಸುವಾಗ, ಅಂದರೆ ಮನೆಯಿಂದ ಜಗತ್ ಸರ್ಕಲ್‌ಗೆ, ಅಲ್ಲಿಂದ ಸ್ಟೇಷನ್‌ಗೆ, ಬಂಗಾರದಂಥ ಗಾಡಿ. ಒಂದು ದಿನ ಬೀದರ್‌ಗೆ ಹೊರಟೆ. ಹುಮನಾಬಾದ್‌ನಲ್ಲಿ ಟ್ಯಾಂಕ್ ತುಂಬಿಸಿ ಸೆಲ್ಫ್ ಹೊಡೆದರೆ ಮತ್ತದೇ ಕೆಮ್ಮು! ಬೀದರ್‌ನಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಬೆರಳಿಟ್ಟು ನೋಡಿದರೆ ಎಳೆತವೇ ಇಲ್ಲ. ನನಗೇ ತಲೆ ಕೆಟ್ಟಿತು.

ಊರಿಗೆ ಬಂದವನೇ ಮೆಡಿಕಲ್ ಶಾಪಿನಿಂದ 50 ಮಿಲಿಯ ಸಿರಿಂಜ್ ತಂದೆ. ಬಾಯಿಂದ ಎಳೆದು ನೋಡಬೇಡಿ, ಪೆಟ್ರೋಲ್ ಆವಿ ಅದು. ವಾಲ್ವಿನ ಇಂಜಿನ್ ಕಡೆಯ ಬಾಯಿಗೆ ಸಣ್ಣ ಪೈಪಿನಿಂದ ಸಿರಿಂಜ್ ಜೋಡಿಸಿ ಹಿಡಿ ಎಳೆದು ಬಿಟ್ಟರೆ, ಹಿಡಿ ಪಟ್ಟನೆ ಹಿಂದಕ್ಕೆ ಹೋಗಬೇಕು. ಎಳೆದಲ್ಲೇ ನಿಂತರೆ ವಾಲ್ವ್ ಸೋರುತ್ತಿದೆ ಅಂತ. ಡೂಪ್ಲಿಕೇಟ್ ತಣ್ಣಗಿದ್ದಾಗ ಪಟ್ಟನೆ ಹೋಯಿತು. ಒಂದು ಗಂಟೆ ಗಾಡಿ ಓಡಿಸಿ, ಬಟ್ಟೆ ಸುತ್ತಿ ಬಿಸಿ ಬಿಸಿಯಾಗಿ ಬಿಚ್ಚಿ ನೋಡಿದೆ. ಎಳೆದಲ್ಲೇ ನಿಂತಿತು. ಮಲ್ಟಿಮೀಟರ್‌ನಲ್ಲಿ 26 ಓಮ್, ಅಂದರೆ ವಾಲ್ವ್ ತೆರೆಯುವ ಕಾಯಿಲ್ (ತಂತಿ ಸುರುಳಿ) ಸರಿ ಇದೆ. ಆದರೆ ವಾಲ್ವ್ ಮುಚ್ಚುತ್ತದೋ ಇಲ್ಲವೋ ಅನ್ನೋದನ್ನ ಓಮ್ ಹೇಳೋದಿಲ್ಲ. ಅಂಗಡಿಯವರು, "ಎಲೆಕ್ಟ್ರಿಕ್ ಸಾಮಾನು ವಾಪಸ್ ತಗೊಳಲ್ರಿ" ಅಂದರು.

ಗುಜರಿಗೆ ಸಿರಿಂಜ್ ಹಿಡಿದುಕೊಂಡೇ ಹೋದೆ. ನನ್ನ ವಾಲ್ವಿನದೇ ಪಾರ್ಟ್ ನಂಬರ್ ಇದ್ದವು ಮೂರು ಸಿಕ್ಕವು. ಎರಡು ಅಲ್ಲೇ ಫೇಲ್. ಮೂರನೆಯದಕ್ಕೆ ಬ್ಯಾಟರಿ ಕೊಟ್ಟರೆ ಟಕ್ ಎಂದಿತು, ಗಾಳಿ ಬಿಟ್ಟಿತು, ತೆಗೆದರೆ ಮುಚ್ಚಿತು. ಅದನ್ನು ನನ್ನ ಕಾರಿನ ಬಾನೆಟ್ ಮೇಲೆ ಬಿಸಿಲಿಗೆ ಅರ್ಧ ಗಂಟೆ ಇಟ್ಟು ಮತ್ತೆ ನೋಡಿದೆ. ಗುಜರಿ ಭಾಯ್ ನಕ್ಕರು, "ಹಪ್ಪಳ ಒಣಗಸ್ಲಾಕತ್ತೀರೇನ್ರಿ?" ಅಂತ. ಆಮೇಲೆ ಎರಡು ಸಲ ಬೀದರ್‌ಗೆ ಹೋಗಿ ಬಂದೆ, ಎರಡು ಸಲವೂ ಹುಮನಾಬಾದ್‌ನಲ್ಲೇ ಟ್ಯಾಂಕ್ ತುಂಬಿಸಿದೆ. ಒಂದೇ ಸೆಲ್ಫ್.

ಹೊಸ ಒರಿಜಿನಲ್‌ಗೆ ₹2,300 ಹೇಳಿದರು, ಹೈದರಾಬಾದ್‌ನಿಂದ ಬರಬೇಕು, ನಾಲ್ಕು ದಿನ. ನಿಮ್ಮ ಗಾಡಿ ಐದಾರು ವರ್ಷದ್ದಾದರೆ ಕಣ್ಣು ಮುಚ್ಚಿ ಅದನ್ನೇ ಹಾಕಿಸಿ. ನನ್ನದಕ್ಕೆ 15 ವರ್ಷದ ಆರ್‌ಸಿ ರಿನ್ಯೂವಲ್ ಖರ್ಚೇ ತಲೆ ಮೇಲಿದೆ. ಇನ್ನೊಂದು ಕಾರಣವೂ ಉಂಟು. ಮೊದಲಿನ ವಾಲ್ವ್ ಬಿಚ್ಚಿದಾಗ ಒಳಗಿಂದ ಕರಿ ಕಾಳು ಉದುರಿದವು. ಕ್ಯಾನಿಸ್ಟರ್‌ನ ಇದ್ದಿಲು ಅದು. ನಾಜಲ್ ತಾನಾಗಿ ನಿಂತ ಮೇಲೂ "ರೌಂಡ್ ಫಿಗರ್ ಮಾಡಪ್ಪ" ಅಂತ ವರ್ಷಗಟ್ಟಲೆ ತುಂಬಿಸಿದವನು ನಾನೇ ಅಲ್ವಾ? ಹಾಗೆ ತುಂಬಿದರೆ ಪೆಟ್ರೋಲೇ ಕ್ಯಾನಿಸ್ಟರ್‌ಗೆ ಹೋಗಿ ಇದ್ದಿಲನ್ನು ಕೆಡಿಸುತ್ತದೆ. ಇನ್ನೊಂದು ಕಾಳು ಬಂದು ಸಿಕ್ಕಿಕೊಂಡರೆ ₹2,300ರದ್ದೂ ತೆರೆದೇ ಕೂರುತ್ತದೆ.

ಸಿರಿಂಜ್ ಈಗ ಡ್ಯಾಶ್‌ಬೋರ್ಡ್‌ನಲ್ಲೇ ಇದೆ. ಬಂಕ್‌ನ ಹುಡುಗ ₹1,963ಕ್ಕೆ ನಿಂತಾಗ "ರೌಂಡ್ ಮಾಡ್ಲೇನ್ರಿ?" ಅಂದರೆ, ಬ್ಯಾಡಪ್ಪ ಅಂತೀನಿ.