ಐ-ಟ್ರೀ ಕ್ಯಾನಪಿ: ಸಣ್ಣ ನಗರದ ಹಸಿರು ಅಳೆಯಲು ಒಳ್ಳೆಯ ಟೂಲ್

ಮರ ಎಣಿಸುವುದು ಬೇರೆ, ಎಷ್ಟು ನೆಲವನ್ನು ಮರದ ಕೊಂಬೆ ಎಲೆ ಮುಚ್ಚಿವೆ ಅಂತ ಅಳೆಯುವುದು ಬೇರೆ, ಅಲ್ವಾ? ಎರಡನೆಯದಕ್ಕೆ ಈ ಟೂಲ್ ಸಾಕು. ಅಮೆರಿಕದ ಅರಣ್ಯ ಸೇವೆ ಮತ್ತು ಜೊತೆಗಾರರು ಮಾಡಿದ್ದು. ಪೂರ್ತಿ ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ.

ಕೆಲಸ ಸರಳ. ನಗರದ ಗಡಿ ಗುರುತಿಸಿದರೆ ಅದು ಗೂಗಲ್‌ನ ವೈಮಾನಿಕ ಚಿತ್ರದ ಮೇಲೆ ಎಲ್ಲೆಂದರಲ್ಲಿ ಒಂದೊಂದೇ ಚುಕ್ಕೆ ಹಾಕುತ್ತಾ ಹೋಗುತ್ತದೆ, ಅಲ್ಲಿ ಮರವೋ, ಹುಲ್ಲೋ, ಚಾವಣಿಯೋ, ರಸ್ತೆಯೋ ಅಂತ ನಾವು ನೋಡಿ ಹೇಳಬೇಕು. 100 ಚುಕ್ಕೆಗೇ ನಿಲ್ಲಿಸಬೇಡಿ. ಮರದ ಹೊದಿಕೆ ಶೇ 25ರ ಸುತ್ತ ಇದ್ದರೆ, 100ಕ್ಕೆ ಸ್ಟ್ಯಾಂಡರ್ಡ್ ಎರರ್ (ನಮ್ಮ ಲೆಕ್ಕ ನಿಜದಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗಬಹುದು ಅನ್ನುವ ಅಂದಾಜು) ಶೇ 4ಕ್ಕಿಂತ ಜಾಸ್ತಿ, 500ಕ್ಕೆ ಹೋದರೆ ಶೇ 2ಕ್ಕಿಂತ ಕಡಿಮೆ. ಈ ವ್ಯತ್ಯಾಸ ದೊಡ್ಡದು, ಯಾಕೆಂದರೆ ಐದು ವರ್ಷದಲ್ಲಿ ಹೊದಿಕೆ ಶೇ 25ರಿಂದ ಶೇ 22ಕ್ಕೆ ಇಳಿದರೂ 100 ಚುಕ್ಕೆಯ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಕಷ್ಟ ಆಗುವುದು ನೆರಳಿನಲ್ಲಿ. ಕಟ್ಟಡದ ಕಪ್ಪು ನೆರಳಿನ ಅಂಚಿಗೆ ಚುಕ್ಕೆ ಬಿದ್ದಾಗ ಜೂಮ್ ಮಾಡಿ, ಅಂಚು ಒರಟಾಗಿ ಹರಡಿದ್ದರೆ ಮರ, ನೇರ ಗೆರೆಯಾಗಿದ್ದರೆ ಗೋಡೆ ಅಂತ ನಾನು ಗುರುತಿಸುತ್ತೇನೆ. ಚಿತ್ರದ ತಾರೀಖನ್ನೂ ನೋಡಿ. ಎಲೆ ಉದುರಿದ ಕಾಲದ್ದಾದರೆ ಲೆಕ್ಕ ಕಡಿಮೆ ಬರುತ್ತದೆ.

ಮರದ ಜಾತಿ, ವಯಸ್ಸು, ಆರೋಗ್ಯ ಇದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಬೀದಿಗಿಳಿದು ಒಂದೊಂದೇ ಮರ ನೋಡಿ, ಕಾಂಡದ ಸುತ್ತಳತೆ ಹಿಡಿಯಲೇಬೇಕು. ಆದರೂ ದೊಡ್ಡ ಮರ ಕಡಿದು ಅದಕ್ಕೆ ಬದಲಾಗಿ ಹತ್ತು ಸಸಿ ನೆಟ್ಟೆವು ಅಂದಾಗ, ಮೇಲಿನಿಂದ ಆ ಸಸಿಗಳು ಕಾಣುವುದೇ ಇಲ್ಲ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.