ನಟ್ಟು ಬಿಗಿಯುವ ನಾಲ್ಕು ಬಗೆ, ಸ್ಟಡ್ಡು ಕೂರಿಸುವ ಎರಡು ಬಗೆ

ಗುಂಡ್ಯ ದಾಟಿ ಶಿರಾಡಿ ಘಾಟಿ ಏರುತ್ತಿದ್ದಾಗ ನಮ್ಮ 2012ರ ಸ್ವಿಫ್ಟ್‌ನ ಮುಂದಿನ ಎಡ ಚಕ್ರ ಪಂಕ್ಚರ್ ಆಯಿತು. ಜುಲೈ ತಿಂಗಳ ಮಳೆ. ಮಗಳು ಕೊಡೆ ಹಿಡಿದು ನಿಂತಿದ್ದಳು. ಮೂರು ನಟ್ಟುಗಳು ಹೇಗೋ ಸಡಿಲವಾದವು. ನಾಲ್ಕನೆಯದಕ್ಕೆ ಸ್ಪ್ಯಾನರ್ ಹಾಕಿ ಕಾಲಿನಿಂದ ತುಳಿದಾಗ ಕಬ್ಬಿನ ಜಲ್ಲೆ ಮುರಿದಂಥ ಸದ್ದು ಬಂತು; ನಟ್ಟಿನ ಜೊತೆ ಅರ್ಧ ಸ್ಟಡ್ಡೂ (ನಟ್ಟು ಹತ್ತಿ ಕೂರುವ, ಹೊರಚಾಚಿದ ಬೋಲ್ಟು) ಕಳಚಿ ಬಿತ್ತು. ಟಾರ್ಚ್ ಬೆಳಕಿನಲ್ಲಿ ಮುರಿದ ಜಾಗವನ್ನು ನೋಡಿದೆ. ಒಂದು ಅಂಚಿನಲ್ಲಿ ಹಳೆಯ ಕಂದು ತುಕ್ಕು, ಉಳಿದ ಭಾಗದಲ್ಲಿ ಹೊಸ ಬೂದು ಹೊಳಪು. ಬಿರುಕು ಬಿಟ್ಟು ಬಹಳ ದಿನವಾಗಿತ್ತು, ನನ್ನ ತುಳಿತಕ್ಕೆ ಕಾದಿತ್ತು ಅಷ್ಟೆ.

ಸ್ಟೆಪ್ನಿಯನ್ನು ಮೂರೇ ನಟ್ಟಿನಲ್ಲಿ ಕೂರಿಸಿ, ಜೀವ ಕೈಯಲ್ಲಿ ಹಿಡಿದು, ಇಪ್ಪತ್ತರ ವೇಗದಲ್ಲಿ ಹತ್ತಿರದ ಗ್ಯಾರೇಜಿಗೆ ಹೋದೆವು. ಅಂದಿನಿಂದ ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವುದನ್ನು ಬಿಟ್ಟೆ. ನಟ್ಟು ಬಿಗಿಯುವ ಎಲ್ಲ ವಿಧಾನಗಳನ್ನೂ ನನ್ನ ಕಾರಿನ ಮೇಲೆಯೇ ಮಾಡಿ ನೋಡಿದ್ದೇನೆ.

ಸ್ಟಡ್ಡು ಒಂದು ಸ್ಪ್ರಿಂಗ್ ಇದ್ದಂತೆ. ನಟ್ಟು ಬಿಗಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಎಳೆಯುವ ಆ ಬಲವೇ ಚಕ್ರವನ್ನು ಹಬ್‌ಗೆ, ಅಂದರೆ ಚಕ್ರ ಕೂರುವ ತಿರುಗುವ ಬಿಲ್ಲೆಗೆ, ಒತ್ತಿ ಹಿಡಿಯುತ್ತದೆ. ಮಿತಿ ಮೀರಿ ಹಿಗ್ಗಿಸಿದರೆ ಅದು ಮರಳಿ ಮೊದಲಿನಂತಾಗುವುದಿಲ್ಲ. ನನ್ನ ಕಾರಿಗೆ ಕಂಪನಿಯ ಪುಸ್ತಕ ಹೇಳುವ ಬಿಗಿತ 85 ನ್ಯೂಟನ್ ಮೀಟರ್.

ಮೊದಲು ಟಯರ್ ಅಂಗಡಿಯ ಗಾಳಿ ಗನ್. ಒಂದು ನಿಮಿಷದೊಳಗೆ ಚಕ್ರ ಹತ್ತುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಮನೆಗೆ ಬಂದು ಟಾರ್ಕ್ ವ್ರೆಂಚನ್ನು (ಇಟ್ಟ ಅಂಕದ ಬಿಗಿತ ತಲುಪಿದೊಡನೆ ‘ಟಕ್’ ಎನ್ನುವ ಸ್ಪ್ಯಾನರ್) 150ಕ್ಕೆ ಇಟ್ಟು ಬಿಗಿಯುವ ದಿಕ್ಕಿನಲ್ಲೇ ಎಳೆದೆ. ಮೂರು ನಟ್ಟುಗಳು ಕದಲುವ ಮೊದಲೇ ವ್ರೆಂಚ್ ‘ಟಕ್’ ಎಂದಿತು. ನಾಲ್ಕನೆಯದು 85ಕ್ಕೇ ಇನ್ನೂ ತಿರುಗಿತು. ನಿಂತ ನಟ್ಟನ್ನು ಕದಲಿಸಲು ತುಸು ಹೆಚ್ಚು ಬಲ ಬೇಕೆಂಬುದನ್ನು ಲೆಕ್ಕಕ್ಕೆ ಹಿಡಿದರೂ ಇದು ಬಹಳ ಹೆಚ್ಚಾಯಿತು. ಬಿಗಿ ಹೆಚ್ಚಾದದ್ದಕ್ಕಿಂತ ಒಂದೇ ಚಕ್ರದಲ್ಲಿ ಒಂದೊಂದು ನಟ್ಟು ಒಂದೊಂದು ಥರ ಇದ್ದದ್ದು ನನ್ನನ್ನು ಹೆಚ್ಚು ಹೆದರಿಸಿತು.

ಕಾರಿನ ಜೊತೆ ಬಂದ ಎಲ್ ಆಕಾರದ ಸ್ಪ್ಯಾನರ್ ಎರಡನೆಯದು. ಅದರ ಹಿಡಿಯನ್ನು ಅಳೆದೆ, ಸುಮಾರು 25 ಸೆಂಟಿಮೀಟರ್. ಅದರಲ್ಲಿ 85 ಬರಬೇಕಾದರೆ ತುದಿಯಲ್ಲಿ 35 ಕಿಲೋ ತೂಕದಷ್ಟು ಒತ್ತಬೇಕು. ನಾನು 68 ಕಿಲೋ. ಹಿಡಿಯ ತುದಿಯ ಮೇಲೆ ನಿಂತರೆ 165 ದಾಟುತ್ತದೆ, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಕೈಯಿಂದಷ್ಟೇ ಎಳೆದಾಗ, 85 ತಲುಪಲು ನಟ್ಟು ಇನ್ನೂ ಗಡಿಯಾರದ ನಿಮಿಷದ ಮುಳ್ಳು ಐದು ನಿಮಿಷ ಸರಿಯುವಷ್ಟು ತಿರುಗಬೇಕಿತ್ತು. ಕೈಗೆ ಕಡಿಮೆ, ಕಾಲಿಗೆ ಹೆಚ್ಚು. ಸಾಲದ್ದಕ್ಕೆ ಸ್ಪ್ಯಾನರ್ ಒಂದು ಬದಿಗೆ ವಾಲಿ ನಟ್ಟಿನ ಮೂಲೆಗಳನ್ನು ತಿನ್ನುತ್ತದೆ.

ಕೂಡಿಸುವ ಗುರುತಿನ ಆಕಾರದ ಕ್ರಾಸ್ ಸ್ಪ್ಯಾನರ್‌ನಲ್ಲಿ ಆ ತೊಂದರೆಯಿಲ್ಲ. ಎರಡೂ ಕೈಗಳಿಂದ, ಒಂದು ಕಡೆ ಎಳೆದು ಇನ್ನೊಂದು ಕಡೆ ಒತ್ತುವುದರಿಂದ ನೇರವಾಗಿ ಕೂರುತ್ತದೆ. ದಾರಿಯಲ್ಲಿ ಚಕ್ರ ಬದಲಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಟಾರ್ಕ್ ವ್ರೆಂಚಿಗೆ ಸುಮಾರು ಮೂರು ಸಾವಿರ ಕೊಟ್ಟೆ. ಮನೆಯಲ್ಲಿ ‘ವರ್ಷಕ್ಕೆ ನಾಲ್ಕು ಸಲಕ್ಕೆ ಇಷ್ಟೊಂದು ದುಡ್ಡೇ?’ ಎಂದರು. ಹೌದು, ಆ ನಾಲ್ಕು ಸಲಕ್ಕೇ. ನಟ್ಟುಗಳನ್ನು ಕೈಬೆರಳಿನಿಂದ ಹತ್ತಿಸಿ, ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಕಾರನ್ನು ಜಾಕಿನಿಂದ ಇಳಿಸಿದ ಮೇಲೆ ಕೊನೆಯ ಬಿಗಿ ಕೊಡುತ್ತೇನೆ. ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡುತ್ತೇನೆ. ಕೆಲಸ ಮುಗಿದ ಮೇಲೆ ವ್ರೆಂಚನ್ನು ಕನಿಷ್ಠ ಅಂಕಕ್ಕೆ ಇಳಿಸಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ದಣಿಯುತ್ತದೆ. ಅದರಿಂದ ನಟ್ಟು ಬಿಚ್ಚಲೂಬಾರದು.

ನಮ್ಮದು ಉಡುಪಿಯ ಉಪ್ಪುಗಾಳಿ. ತುಕ್ಕಿಗೆ ಹೆದರಿ ಒಂದು ಚಕ್ರದ ಸ್ಟಡ್ಡುಗಳಿಗೆ ಗ್ರೀಸ್ ಬಳಿದು, ಇನ್ನೊಂದನ್ನು ವೈರ್ ಬ್ರಷ್‌ನಿಂದ ಉಜ್ಜಿ ಒಣದಾಗಿ ಬಿಟ್ಟು ನೋಡಿದೆ. ಅದೇ 85ಕ್ಕೆ ಗ್ರೀಸ್ ಹಚ್ಚಿದ ನಟ್ಟುಗಳು ಎದ್ದು ಕಾಣುವಷ್ಟು ಹೆಚ್ಚು ತಿರುಗಿದವು. ನಾವು ಹಾಕುವ ಬಲದ ಬಹುಪಾಲು ಥ್ರೆಡ್ (ಸ್ಟಡ್ಡಿನ ಸುರುಳಿ ಗೆರೆ) ಮತ್ತು ನಟ್ಟಿನ ಬುಡದ ಘರ್ಷಣೆಗೇ ಹೋಗುತ್ತದೆ, ಸ್ಟಡ್ಡನ್ನು ಹಿಗ್ಗಿಸುವುದು ಹತ್ತರಲ್ಲಿ ಒಂದು ಪಾಲಿನಷ್ಟೇ. ಜಾರಿಕೆ ಹೆಚ್ಚಾದರೆ ಆ ಪಾಲು ಏರಿ ಸ್ಟಡ್ಡು ನರಳುತ್ತದೆ. ಈಗ ಗ್ರೀಸ್ ಹಬ್‌ನ ನಡುವಿನ ಬಳೆಗೆ ಮಾತ್ರ, ಚಕ್ರ ಅಂಟಿಕೊಳ್ಳದಿರಲಿ ಎಂದು.

ಇನ್ನು ಸ್ಟಡ್ಡು ಬದಲಿಸುವ ಮಾತು. ಅಂದು ಗ್ಯಾರೇಜಿನವರು ಮುರಿದದ್ದನ್ನು ಸುತ್ತಿಗೆಯಿಂದ ಹೊಡೆದು ತೆಗೆದು, ಹೊಸದನ್ನೂ ಹೊಡೆದೇ ಕೂರಿಸಿದರು. ಹತ್ತು ನಿಮಿಷದ ಕೆಲಸ. ಆದರೆ ಪ್ರತಿ ಪೆಟ್ಟೂ ಬೇರಿಂಗಿಗೆ ಮುಟ್ಟುತ್ತದೆ. ಮೂರು ತಿಂಗಳಲ್ಲಿ ಅದೇ ಚಕ್ರದ ಬೇರಿಂಗ್ ಗುಂಯ್‌ಗುಡತೊಡಗಿತು; ನನ್ನ ಅನುಮಾನ ಆ ಸುತ್ತಿಗೆಯ ಮೇಲೆಯೇ. ಅವರು ಹಾಕಿದ್ದ ಅಗ್ಗದ ಸ್ಟಡ್ಡು ಇನ್ನೊಂದು ಪಾಠ. ಸ್ಟಡ್ಡಿನ ಕುತ್ತಿಗೆಯಲ್ಲಿ ಹಲ್ಲುಹಲ್ಲಾದ ಪಟ್ಟಿ ಇರುತ್ತದೆ, ಅದು ಹಬ್‌ನ ರಂಧ್ರವನ್ನು ಕಚ್ಚಿ ಹಿಡಿಯಬೇಕು. ಆ ಸ್ಟಡ್ಡಿನಲ್ಲಿ ಅದು ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಸಣ್ಣದಿತ್ತು. ಮುಂದಿನ ಸಲ ಬಿಚ್ಚುವಾಗ ನಟ್ಟಿನ ಜೊತೆ ಸ್ಟಡ್ಡೂ ಗರಗರ ತಿರುಗಿತು, ಕೊನೆಗೆ ಕತ್ತರಿಸಿಯೇ ತೆಗೆಯಬೇಕಾಯಿತು.

ಬೇರಿಂಗ್ ಬದಲಿಸುವಾಗ ಇನ್ನೊಂದು ದಾರಿ ಹಿಡಿದೆವು. ಕಂಪನಿಯ ಸ್ಟಡ್ಡನ್ನು ಹಿಂದಿನಿಂದ ತೂರಿಸಿ, ಮುಂದೆ ನಾಲ್ಕೈದು ದಪ್ಪ ವಾಷರ್ ಹಾಕಿ, ಅವುಗಳ ನಡುವೆ ಗ್ರೀಸ್ ಸವರಿ, ಹಳೆಯ ನಟ್ಟನ್ನು ಚಪ್ಪಟೆ ಮುಖ ಒಳಗಾಗುವಂತೆ ತಿರುವಿ ನಿಧಾನವಾಗಿ ಎಳೆದೆವು. ಹಲ್ಲುಗಳು ಕಚ್ಚುತ್ತ ಒಳಬರುವುದು ಸ್ಪ್ಯಾನರಿನಲ್ಲೇ ಕೈಗೆ ತಿಳಿಯುತ್ತದೆ. ಹಿಂದಿನಿಂದ ಬೆರಳಾಡಿಸಿ ತಲೆ ಪೂರ್ತಿ ಕೂತಿದೆಯೇ ಎಂದು ನೋಡಿದೆವು. ಎಳೆಯಲು ಬಳಸಿದ ನಟ್ಟನ್ನು ಎಸೆದೆ. ಆ ಚಕ್ರದ ಉಳಿದ ಮೂರು ಸ್ಟಡ್ಡುಗಳನ್ನೂ ಬದಲಿಸಿದೆ. ಒಂದು ಮುರಿದಿದ್ದಾಗ ಅದರ ಭಾರ ಹೊತ್ತವು ಅವೇ ತಾನೇ.

ನಟ್ಟು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಮಾರುತಿಯ ಸ್ಟಡ್ಡು 12 ಮಿಲಿಮೀಟರ್ ದಪ್ಪ, ಥ್ರೆಡ್ ಅಂತರ 1.25. ಹ್ಯುಂಡೈನದೂ 12 ದಪ್ಪವೇ, ಅಂತರ 1.5. ಎರಡೂ ನೋಡಲು ಒಂದೇ. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಹೊಳೆಯುವ ತಗಡಿನ ಟೋಪಿ ಹೊದಿಸಿದ ನಟ್ಟುಗಳಂತೂ ನಮ್ಮ ಕರಾವಳಿಗೆ ಬೇಡವೇ ಬೇಡ. ತಗಡಿನ ಒಳಗೆ ತುಕ್ಕು ಉಬ್ಬಿ, ಎರಡನೇ ಮಳೆಗಾಲಕ್ಕೆ 19 ಮಿಲಿಮೀಟರಿನ ಸ್ಪ್ಯಾನರ್ ನಟ್ಟಿನ ಮೇಲೆ ಕೂರಲೇ ಇಲ್ಲ.

ಈಗ ಡಿಕ್ಕಿಯಲ್ಲಿ ಕ್ರಾಸ್ ಸ್ಪ್ಯಾನರ್ ಮತ್ತು ಎರಡು ಬಿಡಿ ನಟ್ಟುಗಳಿರುತ್ತವೆ. ಪಂಕ್ಚರ್ ಅಂಗಡಿಯ ಹುಡುಗ ಗನ್ ಎತ್ತಿಕೊಂಡ ಕೂಡಲೇ ಹೇಳುತ್ತೇನೆ: ‘ತಮ್ಮಾ, ಬಿಚ್ಚುವುದಕ್ಕೆ ಬೇಕಾದರೆ ಬಳಸು, ಹಾಕುವಾಗ ಕೈಯಲ್ಲೇ ಹತ್ತಿಸು.’