ಹಳೇ ಪಟದ ಜೊತೆ ಕೊಡುವ ಕಾಗದವನ್ನು ಸುಮ್ನೆ ನಂಬಬೇಡಿ

ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯವರು ದಯವಿಟ್ಟು ಓದಿ. ಹಳೇ ಸಾಮಾನು ಕೊಳ್ಳುವವರೂ ಓದಿ, ಹಳೇ ಮನೆಗಳಲ್ಲಿ ಇರುವವರೂ ಓದಿ.

ನನ್ನ ಭಾವ ಕಳೆದ ಬೇಸಿಗೆಯಲ್ಲಿ ರವಿವರ್ಮ ಪ್ರೆಸ್ಸಿನ ಸರಸ್ವತಿ ಪಟ ಅಂತ ಒಂದನ್ನು ನಲವತ್ತು ಸಾವಿರ ಕೊಟ್ಟು ತಂದರು. ಪಟಕ್ಕಿಂತ ಫ್ರೇಮಿಗೇ ಬೆಲೆ ಜಾಸ್ತಿ ಅಂದಿದ್ದನಂತೆ ಮಾರಿದವನು. ಬಳ್ಳಿ, ಎಲೆ ಕೆತ್ತಿದ ಅಗಲವಾದ ಮರ, ಮೇಲೆಲ್ಲ ಚಿನ್ನದ ರೇಕು (ತೆಳ್ಳಗಿನ ಚಿನ್ನದ ಹಾಳೆ). ಜೊತೆಗೊಂದು ಮಾಸಿದ ಕಾಗದ. ಕುಂಬಳೆ ಹತ್ತಿರದ ಒಂದು ಮನೆಯ ಅಜ್ಜ ಇದನ್ನು ಮಂಗಳೂರಿನಿಂದ ತರಿಸಿದ್ದು, ತನ್ನ ನಂತರ ಮಗನಿಗೆ ಸೇರಬೇಕು ಅಂತ 1938ರಲ್ಲಿ ಬರೆದಿಟ್ಟ ಹಾಗೆ. ಭಾವ ಮನಸೋತದ್ದು ಆ ಕಾಗದಕ್ಕೆ.

ಮಳೆಗಾಲ ಹಿಡಿದದ್ದೇ ಎಲೆಗಳ ಸಂದಿಯಲ್ಲಿ ಬಣ್ಣ ಕಂದಿ ಹಸಿರಾಯಿತು. ಚಿನ್ನ ಹಾಗಾಗುವುದಿಲ್ಲ. ಅದು ಹಿತ್ತಾಳೆ ಪುಡಿಯ ಬಣ್ಣ. ರೇಕು ಅಂಟಿಸಿದ ಹಳೇ ಫ್ರೇಮುಗಳಲ್ಲಿ ಮರದ ಮೇಲೆ ಸೀಮೆಸುಣ್ಣ, ಅಂಟಿನ ಲೇಪ, ಅದರ ಮೇಲೆ ಹೆಚ್ಚಾಗಿ ಕೆಂಪು ಜೇಡಿ ಇರುತ್ತದೆ. ಅಂಚು ಸವೆದಲ್ಲಿ ಆ ಕೆಂಪು ಇಣುಕುತ್ತದೆ. ಇಲ್ಲಿ ಬಣ್ಣ ಎದ್ದಲ್ಲಿ ಕಂಡದ್ದು ಬಿಳೀ ಪ್ರೈಮರ್. (ನಿಮ್ಮಲ್ಲಿ ನಿಜವಾದದ್ದೇ ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ರೇಕು ಎದ್ದು ಬರುತ್ತದೆ.) ಪಟವನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾಲಾಗಿ ಒಂದೇ ಅಂತರದ ಚುಕ್ಕಿಗಳು. ರವಿವರ್ಮ ಪ್ರೆಸ್ಸಿನ ಹಳೇ ಪಟಗಳು ಕಲ್ಲಚ್ಚಿನವು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕಿದವು. ಅವುಗಳಲ್ಲಿ ಚುಕ್ಕಿಗಳು ಹೀಗೆ ಅಚ್ಚುಕಟ್ಟಾಗಿ ಇರುವುದಿಲ್ಲ.

ಇನ್ನು ಆ ಕಾಗದ. ಮೇಲ್ಗಡೆಯೇ 'ಕಾಸರಗೋಡು ಜಿಲ್ಲೆ, ಕೇರಳ' ಅಂತಿದೆ. 1938ರಲ್ಲಿ ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು, ಅಲ್ವಾ? ಕೇರಳ ರಾಜ್ಯ ಆದದ್ದು 1956ರ ನವೆಂಬರ್ 1ಕ್ಕೆ. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಸಾಲದ್ದಕ್ಕೆ ಪಿನ್‌ಕೋಡ್ ಬೇರೆ ಬರೆದಿದ್ದಾನೆ. ಅದು ಬಂದದ್ದೇ 1972ರಲ್ಲಿ!

ನಾನು ಮತ್ತು ಭಾವ ಆ ಮನೆಗೇ ಹೋದೆವು. ಅಲ್ಲಿನ ಹಿರಿಯಮ್ಮ ಕಾಗದ ಓದಿ ಸುಮ್ಮನೆ ಕೂತರು. ಅಜ್ಜನ ಹೆಸರು ಸರಿ, ಆಸ್ತಿ ಪಾಲಾದದ್ದೂ ಸರಿ. ಆದರೆ ಇಂಥ ಪಟ ಅವರ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಹಳೇ ಮನೆಗಳ ಬಗ್ಗೆ ಬರೆಯುತ್ತೇನೆ ಅಂತ ಒಬ್ಬ ಬಂದಿದ್ದನಂತೆ. ಮಜ್ಜಿಗೆ ಕುಡಿದು, ಹಿರಿಯರ ಹೆಸರೆಲ್ಲ ಕೇಳಿ ಬರೆದುಕೊಂಡು, ಚಾವಡಿಯ ಫೋಟೋ ತೆಗೆದುಕೊಂಡು ಹೋದನಂತೆ. 'ನಮ್ಮ ಅಜ್ಜನ ಹೆಸರನ್ನು ಮಾರಿದನಲ್ಲ ಮಗಾ' ಅಂದರು. ನಮ್ಮ ಹಣ ಹೋದದ್ದಕ್ಕಿಂತ ಆ ಮಾತು ನನಗೆ ಜಾಸ್ತಿ ನೋವು ಕೊಟ್ಟಿತು.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಮಾರಿದವನ ಫೋನ್ ಸ್ವಿಚ್ ಆಫ್. ಬಿಲ್ ಇಲ್ಲ. ನೂರು ವರ್ಷ ದಾಟಿದ ಕಲಾವಸ್ತುಗಳ ವ್ಯಾಪಾರಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಅದನ್ನು ಕೇಳಿ, ಬಿಲ್ಲನ್ನೂ ಕೇಳಿ.

ಪೆರ್ಲದ ಕಡೆ ಇಂಥದೇ ಫ್ರೇಮಿನ ಲಕ್ಷ್ಮಿ ಪಟ ಒಂದನ್ನು ತೋರಿಸುತ್ತಿದ್ದಾರೆ ಅಂತ ಕೇಳಿದೆ. ನಿಮ್ಮಲ್ಲಿಗೆ ಬಂದರೆ ಕಾಗದದ ಫೋಟೋ ತೆಗೆದಿಟ್ಟುಕೊಳ್ಳಿ. ಅದರಲ್ಲಿ ಯಾವ ಮನೆಯ ಹೆಸರಿದೆಯೋ ಆ ಮನೆಯವರನ್ನು ಕೇಳದೆ ಒಂದು ರೂಪಾಯಿಯನ್ನೂ ಕೊಡಬೇಡಿ.